ಸ್ಟಿಕರ್‌ನಿಂದ ಸರ್ವರ್‌ಗೆ: ವಿಂಡೋಸ್ ಕೀ ನಡೆದುಬಂದ ದಾರಿ

ಈ ಶತಮಾನದ ಮೊದಲ ಹನ್ನೆರಡು ವರ್ಷಗಳಲ್ಲಿ ಅಂಗಡಿಯಿಂದ ಮನೆಗೆ ಬಂದ ವಿಂಡೋಸ್ ಲ್ಯಾಪ್‌ಟಾಪ್‌ಗಳ ತಳದಲ್ಲಿ ಒಂದು ಪುಟ್ಟ ಸ್ಟಿಕರ್ ಅಂಟಿಸಿರುತ್ತಿತ್ತು. ಅದರ ಮೇಲೆ ಅಚ್ಚಾಗಿದ್ದ 25 ಅಕ್ಷರಗಳ ಪ್ರಾಡಕ್ಟ್ ಕೀ, ಆ ಯಂತ್ರದ ವಿಂಡೋಸ್‌ಗೆ ಹಣ ಸಂದಾಯವಾಗಿದೆ ಎನ್ನಲು ಕೊಂಡವರ ಕೈಯಲ್ಲಿದ್ದ ಮುಖ್ಯ ಪುರಾವೆ. ಹಾರ್ಡ್ ಡಿಸ್ಕ್ ಕೆಟ್ಟೋ ವೈರಸ್ ಹೊಕ್ಕೋ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ಮತ್ತೆ ಒಎಸ್ ಹಾಕುವ ಹೊತ್ತಿಗೆ ಅದೇ ಕೀ ಬೇಕಾಗುತ್ತಿತ್ತು. ಅಷ್ಟರಲ್ಲಿ ನಾಲ್ಕೈದು ವರ್ಷದ ಬಳಕೆಯಲ್ಲಿ ಅಕ್ಷರಗಳು ಸವೆದು, ಓದಲು ಬಾರದಂತಾಗಿರುತ್ತಿದ್ದವು. ಹಕ್ಕು ಹಾಗೇ ಇದೆ, ಹಕ್ಕಿನ ಪತ್ರ ಮಾತ್ರ ಅಳಿಸಿದೆ ಎನ್ನುವ ಈ ತೊಡಕು ಬಳಸುವವರ ಅಜಾಗರೂಕತೆಯಿಂದ ಹುಟ್ಟಿದ್ದಲ್ಲ. ತಂತ್ರಾಂಶ ಮಾರುವ ಪದ್ಧತಿ ಬೆಳೆದುಬಂದ ಬಗೆಯಲ್ಲೇ ಅದರ ಬೇರುಗಳಿವೆ.

ಮೊದಮೊದಲು ತಂತ್ರಾಂಶಕ್ಕೆ ಬೇರೆ ಬೆಲೆಯೇ ಇರಲಿಲ್ಲ. ಕೋಣೆ ತುಂಬುವ ಕಂಪ್ಯೂಟರ್‌ಗಳನ್ನು ಬಾಡಿಗೆಗೆ ಕೊಡುತ್ತಿದ್ದ ಐಬಿಎಂ, ಅವುಗಳ ಜೊತೆಗೆ ಪ್ರೋಗ್ರಾಂಗಳನ್ನೂ ಕೊಟ್ಟುಬಿಡುತ್ತಿತ್ತು. 1969ರ ಜೂನ್ 23ರಂದು ಆ ಕಂಪನಿ ಯಂತ್ರಕ್ಕೂ ತಂತ್ರಾಂಶಕ್ಕೂ ಬೇರೆ ಬೇರೆ ದರ ಹಾಕುವುದಾಗಿ ಪ್ರಕಟಿಸಿತು. ಬೆಲೆ ಬಂದಮೇಲೆ ನಕಲಿನ ಪ್ರಶ್ನೆಯೂ ಬಂತು. ಆಲ್ಟೇರ್ ಎಂಬ ಹವ್ಯಾಸಿಗಳ ಕಂಪ್ಯೂಟರ್‌ಗೆ ಬೇಸಿಕ್ ಭಾಷೆಯನ್ನು ಬರೆದುಕೊಟ್ಟಿದ್ದ ಮೈಕ್ರೋಸಾಫ್ಟ್‌ನ ಕೃತಿ, ರಂಧ್ರ ಕೊರೆದ ಕಾಗದದ ಸುರುಳಿಗಳಲ್ಲಿ ಕೈಯಿಂದ ಕೈಗೆ ಹರಿದಾಡತೊಡಗಿತು. ಆಗ ಇಪ್ಪತ್ತರ ಹರೆಯದ ಬಿಲ್ ಗೇಟ್ಸ್ 1976ರ ಫೆಬ್ರುವರಿ 3ರಂದು ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದು, ಹಣ ಕೊಡದೆ ಪ್ರತಿ ಮಾಡಿಕೊಳ್ಳುವುದು ಕಳ್ಳತನ ಎಂದು ವಾದಿಸಿದರು. ಪ್ರಾಡಕ್ಟ್ ಕೀಯ ಹಿಂದಿರುವ ಮನೋಭಾವ ಆ ಪತ್ರದಲ್ಲಿ ಆಗಲೇ ಪೂರ್ತಿಯಾಗಿ ಕಾಣಿಸುತ್ತದೆ. ಅದನ್ನು ಜಾರಿಗೆ ತರುವ ಉಪಾಯ ಮಾತ್ರ ಇನ್ನೂ ಸಿಕ್ಕಿರಲಿಲ್ಲ.

ಕಾನೂನು ನಿಧಾನವಾಗಿ ಹಿಂದೆಯೇ ಬಂತು. ಅಮೆರಿಕ 1980ರಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಕೃತಿಸ್ವಾಮ್ಯದ ವ್ಯಾಪ್ತಿಗೆ ಸೇರಿಸಿತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿ ಪ್ರೋಗ್ರಾಂಗಳನ್ನು ಸಾಹಿತ್ಯ ಕೃತಿಗಳ ಸಾಲಿಗೆ ತಂದಿತು. 1994ರ ತಿದ್ದುಪಡಿ ಜಾರಿಗೆ ಬಂದದ್ದು 1995ರ ಮೇ 10ರಂದು. ಅಕ್ರಮ ಪ್ರತಿ ಎಂದು ಗೊತ್ತಿದ್ದೂ ಬಳಸುವವರಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಸಜೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಎಂದು ಅದರ 63ಬಿ ಕಲಂ ಹೇಳಿತು. ಇದೇ ತಿದ್ದುಪಡಿಯ ಇನ್ನೊಂದು ಭಾಗ ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ನ್ಯಾಯವಾಗಿ ಪ್ರತಿಯನ್ನು ಹೊಂದಿದವರು, ಮೂಲ ಪ್ರತಿ ಕಳೆದುಹೋದರೆ ಅಥವಾ ಹಾಳಾದರೆ ಎಂಬ ಮುನ್ನೆಚ್ಚರಿಕೆಗಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬಹುದು ಎಂದು 52ನೇ ಕಲಂ ಅನುಮತಿ ಕೊಡುತ್ತದೆ. ಹಳೆಯ ಲ್ಯಾಪ್‌ಟಾಪ್‌ಗೆ ಮತ್ತೆ ಒಎಸ್ ಹಾಕುವವರ ದೃಷ್ಟಿಯಿಂದ ಈ ಅನುಮತಿ ಶಿಕ್ಷೆಯ ಕಲಮಿನಷ್ಟೇ ಮುಖ್ಯ.

ತಂತ್ರಾಂಶ ಕೊಂಡವರು ನಿಜಕ್ಕೂ ಕೊಂಡದ್ದೇನು ಎಂಬ ಪ್ರಶ್ನೆ ಭಾರತದ ನ್ಯಾಯಾಲಯಗಳನ್ನು ಬಹುಕಾಲ ಕಾಡಿತು. ಡಬ್ಬಿಯಲ್ಲಿ ಮಾರುವ ಸಿದ್ಧ ತಂತ್ರಾಂಶ ಮಾರಾಟ ತೆರಿಗೆಗೆ ಒಳಪಡುವ ಸರಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಪ್ರಕರಣದಲ್ಲಿ ಹೇಳಿತು. ವಿದೇಶಿ ತಂತ್ರಾಂಶಕ್ಕೆ ಕೊಡುವ ಹಣ ರಾಯಧನವೆಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ತೀರ್ಪಿತ್ತಿತ್ತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ, ಬಳಕೆದಾರರಿಗೆ ಸಿಗುವುದು ಬಳಸುವ ಅನುಮತಿಯೇ ಹೊರತು ಕೃತಿಸ್ವಾಮ್ಯದ ಪಾಲಲ್ಲ ಎಂದು ಸ್ಪಷ್ಟಪಡಿಸಿತು. ಇವು ತೆರಿಗೆಯ ವ್ಯಾಜ್ಯಗಳು. ಆದರೂ ಲ್ಯಾಪ್‌ಟಾಪಿನ ಸ್ಟಿಕರ್ ಯಾವುದರ ಗುರುತು ಎಂಬುದನ್ನು ಇವುಗಳಿಂದಲೇ ಚೆನ್ನಾಗಿ ತಿಳಿಯಬಹುದು. ಅದು ಒಂದು ಅನುಮತಿಯ ಗುರುತು.

ಆ ಅನುಮತಿ ಯಂತ್ರದ ಜೊತೆಗೇ ಬರುವ ರೂಢಿ 1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂದಮೇಲೆ ಬೆಳೆಯಿತು. ಪಿಸಿ ತಯಾರಕರು ಮೈಕ್ರೋಸಾಫ್ಟ್‌ನಿಂದ ಡಾಸ್, ಆಮೇಲೆ ವಿಂಡೋಸ್‌ಗಳ ಅನುಮತಿಯನ್ನು ಸಗಟಾಗಿ ಪಡೆದು, ಯಂತ್ರದ ಬೆಲೆಯಲ್ಲೇ ಅದನ್ನು ಸೇರಿಸಿ ಮಾರುತ್ತಿದ್ದರು. ತಯಾರಕರು ಡಾಸ್ ಹಾಕಲಿ ಬಿಡಲಿ, ಹೊರಕಳಿಸಿದ ಪ್ರತಿ ಪ್ರೊಸೆಸರ್‌ಗೂ ಹಣ ಕಟ್ಟಬೇಕೆಂಬ ಒಪ್ಪಂದಗಳೂ ಇದ್ದವು. 1994ರ ಜುಲೈನಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಜೊತೆ ಮಾಡಿಕೊಂಡ ರಾಜಿಯಿಂದ ಅವು ನಿಂತವು. ಯಂತ್ರದೊಡನೆ ಬರುವ ಈ ಒಇಎಂ ಲೈಸೆನ್ಸ್‌ಗೆ ಬಿಡಿ ಡಬ್ಬಿಯ ಲೈಸೆನ್ಸ್‌ಗಿಂತ ಬೆಲೆ ಕಡಿಮೆ. ಬದಲಿಗೆ ಒಂದು ಷರತ್ತು: ಅದು ಆ ಒಂದೇ ಯಂತ್ರಕ್ಕೆ ಸೇರಿದ್ದು, ಬೇರೆ ಯಂತ್ರಕ್ಕೆ ಒಯ್ಯುವಂತಿಲ್ಲ. ಬಳಕೆದಾರರಿಗೆ ನೆರವು ಕೊಡುವ ಹೊಣೆಯೂ ಮೈಕ್ರೋಸಾಫ್ಟ್‌ನದಲ್ಲ, ತಯಾರಕರದು. ಮುಂದಿನ ತೊಡಕುಗಳಿಗೆಲ್ಲ ಹೊಣೆಯ ಈ ಹಂಚಿಕೆಯೇ ಮೂಲ.

ಕೀ ಎಂಬುದು ಮನೆಮನೆಗೆ ಪರಿಚಯವಾದದ್ದು 1995ರ ಆಗಸ್ಟ್ 24ರಂದು ಬಂದ ವಿಂಡೋಸ್ 95ರಿಂದ. ಅದರ ಬಿಡಿ ಡಬ್ಬಿಯ ಕೀ ಬರೀ ಹತ್ತು ಅಂಕಿಗಳದು: ಮೊದಲು ಮೂರು, ನಡುವೆ ಒಂದು ಅಡ್ಡಗೆರೆ, ಆಮೇಲೆ ಏಳು. ಕೊನೆಯ ಏಳು ಅಂಕಿಗಳ ಮೊತ್ತ 7ರಿಂದ ಭಾಗವಾಗಬೇಕು ಎಂಬುದೇ ಅದರ ಮುಖ್ಯ ಪರೀಕ್ಷೆ. ಪರೀಕ್ಷೆ ನಡೆಯುತ್ತಿದ್ದದ್ದು ಯಂತ್ರದೊಳಗೇ. ಹೊರಗಿನ ಯಾರಿಗೂ ಅದರ ಸುದ್ದಿ ಹೋಗುತ್ತಿರಲಿಲ್ಲ. ಆದ್ದರಿಂದ ಒಂದೇ ಕೀ ಎಷ್ಟು ಯಂತ್ರಗಳಿಗೆ ಬೇಕಾದರೂ ಸಾಕಾಗುತ್ತಿತ್ತು, ಕೀ ಕಳೆದವರಿಗೂ ದಾರಿ ಕಷ್ಟವಿರಲಿಲ್ಲ. ವಿಂಡೋಸ್ 98ರಲ್ಲಿ ಇಂದಿಗೂ ಉಳಿದಿರುವ ರೂಪ ಬಂತು: ಐದೈದು ಅಕ್ಷರಗಳ ಐದು ಗುಂಪು.

ಈ 25 ಅಕ್ಷರಗಳ ರಚನೆ ವಿವರವಾಗಿ ನೋಡತಕ್ಕದ್ದು. ವಿಂಡೋಸ್ 7ರವರೆಗೂ ಕೀಗಳಲ್ಲಿ ಬಳಕೆಯಾದದ್ದು 24 ಚಿಹ್ನೆಗಳು ಮಾತ್ರ: ಇಂಗ್ಲಿಷಿನ 17 ವ್ಯಂಜನಗಳು, 7 ಅಂಕಿಗಳು. ಸ್ವರಗಳು ಒಂದೂ ಇಲ್ಲ. ಎಲ್, ಎನ್, ಎಸ್, ಝೆಡ್ ಇಲ್ಲ. ಅಂಕಿಗಳಲ್ಲಿ 0, 1, 5 ಇಲ್ಲ. ಸೊನ್ನೆಗೂ ಓ ಅಕ್ಷರಕ್ಕೂ, ಒಂದಕ್ಕೂ ಐ ಅಕ್ಷರಕ್ಕೂ, ಐದಕ್ಕೂ ಎಸ್‌ಗೂ ಗೊಂದಲವಾಗಬಾರದೆಂಬ ಮುಂದಾಲೋಚನೆ ಇದರಲ್ಲಿದೆ. ಅಚ್ಚು ಸ್ಪಷ್ಟವಾಗಿದ್ದರೆ ಇದು ಒಳ್ಳೆಯ ಏರ್ಪಾಡು. ಅಚ್ಚು ಸವೆದರೆ ಬಿ ಮತ್ತು 8, ಜಿ ಮತ್ತು 6, ವಿ ಮತ್ತು ವೈ ಒಂದರಂತೆ ಒಂದು ಕಾಣುತ್ತವೆ. ಒಂದು ಸ್ಥಾನ ಪೂರ್ತಿ ಅಳಿಸಿದ್ದರೆ 24 ಸಾಧ್ಯತೆ, ಎರಡು ಅಳಿಸಿದ್ದರೆ 576, ಮೂರಾದರೆ 13,824. ಕೀಯೊಳಗೆ ಗಣಿತದ ಸಹಿಯೊಂದನ್ನೂ ಅಡಗಿಸಿದ್ದರಿಂದ ತಪ್ಪು ಜೋಡಣೆಗಳನ್ನೆಲ್ಲ ಇನ್‌ಸ್ಟಾಲ್ ಪ್ರೋಗ್ರಾಂ ಅಲ್ಲೇ ತಿರಸ್ಕರಿಸುತ್ತಿತ್ತು.

2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ಎಕ್ಸ್‌ಪಿ, ಕೀಗೆ ಹೊಸ ಶಕ್ತಿ ಕೊಟ್ಟಿತು. ಬಿಡಿ ಪ್ರತಿಯನ್ನು ಹಾಕಿದ 30 ದಿನಗಳೊಳಗೆ ಇಂಟರ್ನೆಟ್ ಅಥವಾ ಫೋನ್ ಮೂಲಕ ಮೈಕ್ರೋಸಾಫ್ಟ್‌ಗೆ ತಿಳಿಸಿ ಆ್ಯಕ್ಟಿವೇಟ್ ಮಾಡಬೇಕಾಯಿತು. ಯಂತ್ರದ ಪ್ರೊಸೆಸರ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಮೆಮೊರಿ ಮುಂತಾದ ಹತ್ತು ಲಕ್ಷಣಗಳಿಂದ ಒಂದು ಗುರುತು ತಯಾರಾಗಿ ಕೀಯ ಜೊತೆ ಕಟ್ಟಿಕೊಳ್ಳುತ್ತಿತ್ತು. ಎಕ್ಸ್‌ಪಿ ಬಿಡುಗಡೆಗೆ ಮುನ್ನವೇ, 2001ರ ಜುಲೈನಲ್ಲಿ, ಜರ್ಮನಿಯ ಫುಲ್ಲಿ ಲೈಸೆನ್ಸ್ಡ್ ಎಂಬ ಸಂಸ್ಥೆ ಈ ಗುರುತಿನ ಒಳರಚನೆಯನ್ನು ಬಿಡಿಸಿ ಪ್ರಕಟಿಸಿತ್ತು.

ಆದರೆ ದೊಡ್ಡ ಸಂಸ್ಥೆಗಳಿಗೆ ಕೊಟ್ಟ ವಾಲ್ಯೂಮ್ ಕೀಗಳಿಗೆ ಆ್ಯಕ್ಟಿವೇಶನ್ ಬೇಕಿರಲಿಲ್ಲ. ಅಂಥದ್ದೊಂದು ಕೀ ಎಕ್ಸ್‌ಪಿ ಮಾರುಕಟ್ಟೆಗೆ ಬರುವ ಮುನ್ನವೇ ಸೋರಿಹೋಗಿ ಜಗತ್ತಿನಾದ್ಯಂತ ಹಬ್ಬಿತು. ಬೀದಿಯ ಕಂಪ್ಯೂಟರ್ ಅಂಗಡಿಗಳಲ್ಲಿ ರೈಟ್ ಮಾಡಿದ ಸೀಡಿಯ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದಿರುತ್ತಿದ್ದದ್ದು ಬಹಳ ಸಲ ಅದೇ ಕೀ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಜಿಲ್ಲಾ ಕೇಂದ್ರಗಳ ರಿಪೇರಿ ಅಂಗಡಿಗಳವರೆಗೆ ಒಎಸ್ ಹಾಕಿಸುವುದು ಎಂದರೆ ಅಂಥ ಒಂದು ಸೀಡಿಯನ್ನು ಓಡಿಸುವುದು ಎಂದೇ ಆಗಿತ್ತು. ಸ್ಟಿಕರ್ ನೋಡಿ 25 ಅಕ್ಷರ ಬೆರಳಚ್ಚಿಸುವ ತಾಳ್ಮೆ ಕೆಲಸದ ಒತ್ತಡದಲ್ಲಿ ಯಾರಿಗೂ ಇರುತ್ತಿರಲಿಲ್ಲ. ಹೀಗೆ ಅಸಲಿ ಲೈಸೆನ್ಸ್ ಇದ್ದ ಲ್ಯಾಪ್‌ಟಾಪ್‌ಗಳೂ ಒಮ್ಮೆ ಫಾರ್ಮ್ಯಾಟ್ ಆದಮೇಲೆ ನಕಲಿ ಪ್ರತಿಯ ಯಂತ್ರಗಳಾದವು. ನಕಲಿ ತಂತ್ರಾಂಶದ ಚರ್ಚೆಯಲ್ಲಿ ಈ ಗುಂಪನ್ನು ಬೇರೆಯಾಗಿ ನೋಡಬೇಕು. ಅವರು ಕಳ್ಳರಲ್ಲ. ಹಣ ಕೊಟ್ಟಿದ್ದೂ ದಾಖಲೆಯ ಲೆಕ್ಕದಲ್ಲಿ ಸೋತವರು.

ಮೈಕ್ರೋಸಾಫ್ಟ್ ಒಂದಾದಮೇಲೊಂದು ಬಾಗಿಲು ಮುಚ್ಚುತ್ತ ಹೋಯಿತು. 2002ರ ಸೆಪ್ಟೆಂಬರ್‌ನಲ್ಲಿ ಬಂದ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 1 ಸೋರಿದ ಕೀಯನ್ನು ತಡೆಯಿತು. 2005ರ ಫೆಬ್ರುವರಿ 28ರಿಂದ, ಅತಿ ದೊಡ್ಡ ಇಪ್ಪತ್ತು ಪಿಸಿ ತಯಾರಕರ ಯಂತ್ರಗಳಿಗೆ ಅಂಟಿಸಿದ ಎಕ್ಸ್‌ಪಿ ಸ್ಟಿಕರ್‌ಗಳ ಕೀಗಳನ್ನು ಇಂಟರ್ನೆಟ್ ಮೂಲಕ ಆ್ಯಕ್ಟಿವೇಟ್ ಮಾಡಲು ಬಾರದಂತಾಯಿತು. ಆ ಕೀ ಬಳಸುವವರು ಫೋನ್ ಮಾಡಿ, ಯಾಕೆ ಮತ್ತೆ ಹಾಕುತ್ತಿದ್ದೀರಿ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಅದೇ ವರ್ಷದ ಜುಲೈನಿಂದ ಅಸಲಿತನದ ತಪಾಸಣೆ ಇಲ್ಲದೆ ಹಲವು ಡೌನ್‌ಲೋಡ್‌ಗಳು ಸಿಗದಾದವು. 2008ರಲ್ಲಿ ಬಂದ ಅಪ್‌ಡೇಟ್, ತಪಾಸಣೆಯಲ್ಲಿ ಸೋತ ಎಕ್ಸ್‌ಪಿ ಪ್ರೊಫೆಷನಲ್‌ನ ಡೆಸ್ಕ್‌ಟಾಪನ್ನು ಗಂಟೆಗೊಮ್ಮೆ ಕಪ್ಪಾಗಿಸುತ್ತಿತ್ತು. ಸ್ಟಿಕರ್ ಓದಲು ಬರುವಂತಿದ್ದರೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಣ್ಣ ಸಲಕರಣೆಯೊಂದರಿಂದ ಕೀಯನ್ನು ಬದಲಿಸಿ, ಒಎಸ್ ಅನ್ನು ಮತ್ತೆ ಹಾಕದೆಯೇ ಸಕ್ರಮ ಮಾಡಿಕೊಳ್ಳಬಹುದಿತ್ತು. ಓದಲು ಬಾರದಿದ್ದರೆ ಆ ಸಲಕರಣೆಯಿಂದ ಪ್ರಯೋಜನವಿರಲಿಲ್ಲ.

ಸ್ಟಿಕರ್ ಸವೆಯುವುದಕ್ಕೆ ಕಾರಣ ಅದನ್ನು ಅಂಟಿಸಿದ ಜಾಗ. ಮೇಜಿನ ಕಂಪ್ಯೂಟರ್‌ನಲ್ಲಿ ಅದು ಡಬ್ಬದ ಪಕ್ಕದಲ್ಲೋ ಹಿಂಬದಿಯಲ್ಲೋ ಯಾರ ಕೈಯೂ ಮುಟ್ಟದೆ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಸಿಕ್ಕಿದ್ದು ತಳಭಾಗ: ಮೇಜಿನ ಮೇಲೆ ದಿನವೂ ಉಜ್ಜುವ, ತೊಡೆಯ ಮೇಲಿಟ್ಟಾಗ ಬೆವರು ತಾಗುವ, ಒಳಗಿನ ಹಾರ್ಡ್ ಡಿಸ್ಕ್ ಮತ್ತು ಪ್ರೊಸೆಸರ್‌ಗಳ ಬಿಸಿ ಮುಟ್ಟುವ ಜಾಗ. ವಿಂಡೋಸ್ 7 ಕಾಲದ ಒಂದು ಸ್ಟಿಕರ್‌ನಲ್ಲಿ ಮೇಲ್ಭಾಗಕ್ಕೆ ಆವೃತ್ತಿಯ ಹೆಸರು ಇರುತ್ತದೆ. ಭಾರತದಲ್ಲಿ ಮಾರಾಟವಾದ ಯಂತ್ರಗಳಲ್ಲಿ ಹಲವಕ್ಕೆ ಅದು ಹೋಂ ಬೇಸಿಕ್, ಕೊನೆಯಲ್ಲಿ ಒಎ ಎಂಬ ಎರಡಕ್ಷರ. ಜೊತೆಗೆ ತಯಾರಕರ ಹೆಸರು, ನಕಲು ತಡೆಯುವ ಹೊಳೆಯುವ ಗುರುತು, ಸಣ್ಣ ಕಪ್ಪಕ್ಷರಗಳಲ್ಲಿ ಕೀ, ಕೆಳಗೆ ಬಾರ್‌ಕೋಡ್. ಬಾರ್‌ಕೋಡ್ ಬಳಿಯ ಅಂಕಿಗಳನ್ನೇ ಕೀ ಎಂದು ತಿಳಿದು ಬರೆದಿಟ್ಟುಕೊಳ್ಳುವವರೂ ಉಂಟು. ಅದು ಸ್ಟಿಕರ್‌ನ ಕ್ರಮಸಂಖ್ಯೆ, ಅದರಿಂದ ಏನನ್ನೂ ಹಾಕಲು ಬರುವುದಿಲ್ಲ. ನಕಲಾಗದಂತೆ ಕಾಪಾಡಲು ಇಷ್ಟು ಜಾಣತನ ಖರ್ಚಾಗಿದ್ದ ಈ ಚೀಟಿಯಲ್ಲಿ, ಅಕ್ಷರ ಉಳಿಯುವಂತೆ ನೋಡಿಕೊಳ್ಳಲು ಅಷ್ಟು ಗಮನ ಹೋಗಿರಲಿಲ್ಲ. ಕೆಲವು ತಯಾರಕರು ಆಮೇಲೆ ಅದನ್ನು ಬ್ಯಾಟರಿ ಕೂರುವ ಗೂಡಿನೊಳಗೆ ಅಂಟಿಸತೊಡಗಿದರು. ಅಂಥವು ಇಂದಿಗೂ ಹೊಸದರಂತೆ ಓದಲು ಬರುತ್ತವೆ.

ಮಸುಕಾದ ಅಕ್ಷರಗಳನ್ನು ಓದಲು ರಿಪೇರಿಯವರು ಹಲವು ಉಪಾಯ ಮಾಡುತ್ತಾರೆ. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡುವುದು, ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪುಬಿಳುಪು ಮಾಡಿ ಕಾಂಟ್ರಾಸ್ಟ್ ಏರಿಸುವುದು, ಬಣ್ಣಗಳನ್ನು ತಿರುವುಮುರುವು ಮಾಡುವುದು. ಒರೆಸಿ ಸ್ವಚ್ಛ ಮಾಡಲು ಹೋದರೆ ಉಳಿದ ಶಾಯಿಯೂ ಬರುತ್ತದೆ.

ಇನ್ನು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ: ದೊಡ್ಡ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಸ್ಟಿಕರ್‌ನ ಕೀಯನ್ನು ಕಾರ್ಖಾನೆಯಲ್ಲಿ ಬಳಸುತ್ತಲೇ ಇರಲಿಲ್ಲ. ಸಾವಿರಾರು ಯಂತ್ರಗಳಿಗೆ ಒಂದೊಂದು ಕೀ ಹಾಕಿ ಆ್ಯಕ್ಟಿವೇಟ್ ಮಾಡುವುದು ಆಗದ ಕೆಲಸವಾದ್ದರಿಂದ ಎಕ್ಸ್‌ಪಿ ಕಾಲದಲ್ಲಿ ಎಸ್‌ಎಲ್‌ಪಿ ಎಂಬ ಏರ್ಪಾಡು ಬಂತು. ತಯಾರಕರಿಗೆ ಆವೃತ್ತಿಗೊಂದರಂತೆ ಒಂದು ಸಾಮಾನ್ಯ ಕೀ. ಯಂತ್ರವನ್ನು ಚಾಲೂ ಮಾಡುವ ಬಯಾಸ್ ಎಂಬ ಒಳತಂತ್ರಾಂಶದಲ್ಲಿ ಆ ಕಂಪನಿಯ ಗುರುತಿನ ಪದ. ಎರಡೂ ಹೊಂದಿದರೆ ವಿಂಡೋಸ್ ಇಂಟರ್ನೆಟ್ ಇಲ್ಲದೆಯೇ, ಯಾರನ್ನೂ ಕೇಳದೆ, ಆ್ಯಕ್ಟಿವೇಟ್ ಆಗಿಬಿಡುತ್ತಿತ್ತು. 2007ರ ವಿಸ್ಟಾದಲ್ಲಿ ಇದು ಬಲಗೊಂಡಿತು: ಬಯಾಸ್‌ನೊಳಗೆ ಎಸ್‌ಎಲ್‌ಐಸಿ ಎಂಬ ಪಟ್ಟಿ, ಡಿಸ್ಕ್‌ನಲ್ಲಿ ತಯಾರಕರ ಡಿಜಿಟಲ್ ಪ್ರಮಾಣಪತ್ರ, ಜೊತೆಗೆ ಸಾಮಾನ್ಯ ಕೀ. 2009ರ ಅಕ್ಟೋಬರ್ 22ರಂದು ಬಂದ ವಿಂಡೋಸ್ 7 ಇದೇ ದಾರಿಯಲ್ಲಿ ಮುಂದುವರಿಯಿತು. ಸ್ಟಿಕರ್ ಮೇಲಿನ ಒಎ ಅಕ್ಷರಗಳು ಈ ಏರ್ಪಾಡಿನ ಸೂಚನೆ.

ಇದರ ಪರಿಣಾಮ ಎರಡು. ಫಾರ್ಮ್ಯಾಟ್ ಮಾಡುವ ಮುನ್ನ ಕೀಯನ್ನು ಉಳಿಸಿಕೊಳ್ಳಲೆಂದು ರಿಜಿಸ್ಟ್ರಿಯಿಂದ ಕೀ ಓದುವ ಉಚಿತ ಪ್ರೋಗ್ರಾಂ ಓಡಿಸಿದವರಿಗೆ ಸಿಗುತ್ತಿದ್ದದ್ದು ತಯಾರಕರ ಸಾಮಾನ್ಯ ಕೀ. ಅದು ಸ್ಟಿಕರ್‌ಗೆ ಹೊಂದುತ್ತಿರಲಿಲ್ಲ. ಬೇರೆ ಡಿಸ್ಕ್‌ನಿಂದ ಹಾಕಿದರೆ, ಪ್ರಮಾಣಪತ್ರ ಇಲ್ಲದ್ದರಿಂದ, ಆ್ಯಕ್ಟಿವೇಟ್ ಕೂಡ ಆಗುತ್ತಿರಲಿಲ್ಲ. ತಾವು ಕೊಂಡ ಯಂತ್ರಕ್ಕೆ ನಕಲಿ ವಿಂಡೋಸ್ ಹಾಕಿ ಮೋಸ ಮಾಡಿದ್ದಾರೆ ಎಂದು ಅಂಗಡಿಯವರ ಮೇಲೆ ಅನುಮಾನ ಪಟ್ಟವರಿಗೆ ಹೆಚ್ಚಾಗಿ ಈ ವ್ಯತ್ಯಾಸವೇ ಕಾರಣವಾಗಿರುತ್ತಿತ್ತು. ಎರಡನೆಯದು ಇನ್ನೂ ಮುಖ್ಯ. ತಯಾರಕರದೇ ರಿಕವರಿ ಡಿಸ್ಕ್ ಇದ್ದರೆ ಕೀಯ ಅಗತ್ಯವೇ ಬೀಳುತ್ತಿರಲಿಲ್ಲ. ಸಾಮಾನ್ಯ ಕೀ, ಪ್ರಮಾಣಪತ್ರ ಎರಡೂ ಅದರೊಳಗಿದ್ದವು, ಬಯಾಸ್ ಯಂತ್ರದಲ್ಲೇ ಇತ್ತು. ಸ್ಟಿಕರ್ ಪೂರ್ತಿ ಬೋಳಾಗಿದ್ದರೂ ಲ್ಯಾಪ್‌ಟಾಪ್ ಮೊದಲ ದಿನದ ಸ್ಥಿತಿಗೆ ಬರುತ್ತಿತ್ತು.

ಹಾಗಾದರೆ ಆ ಡಿಸ್ಕ್ ಎಲ್ಲಿ ಹೋಯಿತು? ಖರ್ಚು ಉಳಿಸಲು ತಯಾರಕರು ಅದನ್ನು ಕೊಡುವುದನ್ನೇ ಬಿಟ್ಟರು. ಹಾರ್ಡ್ ಡಿಸ್ಕ್‌ನ ಒಂದು ಮೂಲೆಯಲ್ಲಿ ಅಡಗಿಸಿಟ್ಟ ರಿಕವರಿ ಪಾರ್ಟಿಷನ್ ಅದರ ಜಾಗಕ್ಕೆ ಬಂತು. ಹೊಸ ಲ್ಯಾಪ್‌ಟಾಪ್ ಆನ್ ಮಾಡಿದಾಗ, ಖಾಲಿ ಡಿವಿಡಿಗಳನ್ನು ಹಾಕಿ ರಿಕವರಿ ಡಿಸ್ಕ್ ನೀವೇ ಮಾಡಿಕೊಳ್ಳಿ ಎಂಬ ಸೂಚನೆ ಪರದೆಯ ಮೇಲೆ ಬರುತ್ತಿತ್ತು. ಹೊಸ ಯಂತ್ರದ ಉತ್ಸಾಹದಲ್ಲಿ ಆ ಸೂಚನೆಯನ್ನು ಮುಚ್ಚಿದವರೇ ಹೆಚ್ಚು. ಹಾರ್ಡ್ ಡಿಸ್ಕ್ ಸತ್ತಾಗ ಪಾರ್ಟಿಷನ್ನೂ ಅದರ ಜೊತೆಗೇ ಹೋಯಿತು. ರಿಪೇರಿಯವರು ಇಡೀ ಡಿಸ್ಕ್ ಅಳಿಸಿ ಹೊಸದಾಗಿ ಭಾಗ ಮಾಡಿದಾಗಲೂ ಹೋಯಿತು. ಆಮೇಲೆ ಉಳಿದದ್ದು ತಳದ ಸ್ಟಿಕರ್ ಒಂದೇ. ಸ್ಟಿಕರ್‌ನ ಸವೆತ ಇಷ್ಟು ದೊಡ್ಡ ತೊಂದರೆಯಾದದ್ದು ಈ ಕಾರಣದಿಂದ. ಕೆಲವೇ ರೂಪಾಯಿ ಬೀಳುವ ಒಂದು ಡಿಸ್ಕನ್ನು ಸಾವಿರಾರು ರೂಪಾಯಿಯ ಯಂತ್ರದ ಜೊತೆ ಕೊಡದೆ ಹೋದದ್ದು ಈ ಇತಿಹಾಸದ ಅತ್ಯಂತ ಕೆಟ್ಟ ನಿರ್ಧಾರ. ಅದರ ಭಾರ ಬಿದ್ದದ್ದು ಕೊಂಡವರ ಮೇಲೆ.

ಆ ಡಿಸ್ಕ್‌ಗಳ ಬೆಲೆ ಎಷ್ಟು ಎಂಬ ಪ್ರಶ್ನೆ ಅಮೆರಿಕದಲ್ಲಿ ಒಬ್ಬರನ್ನು ಜೈಲಿಗೆ ಕಳಿಸಿತು. ಕ್ಯಾಲಿಫೋರ್ನಿಯಾದಲ್ಲಿ ಇ-ತ್ಯಾಜ್ಯ ಮರುಬಳಕೆಯ ಉದ್ಯಮ ನಡೆಸುತ್ತಿದ್ದ ಎರಿಕ್ ಲಂಡ್‌ಗ್ರೆನ್, ಹಳೆಯ ಡೆಲ್ ಕಂಪ್ಯೂಟರ್‌ಗಳಿಗೆ ಬೇಕಾದ 28,000 ರಿಸ್ಟೋರ್ ಡಿಸ್ಕ್‌ಗಳನ್ನು ಚೀನಾದಲ್ಲಿ ಮಾಡಿಸಿ ತರಿಸಿದ್ದರು. ಅವುಗಳಲ್ಲಿದ್ದದ್ದು ಡೆಲ್ ಯಂತ್ರ ಕೊಂಡವರು ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದಾಗಿದ್ದ ತಂತ್ರಾಂಶ. ಲೈಸೆನ್ಸ್ ಇಲ್ಲದೆ ಅದರಿಂದ ಉಪಯೋಗವಿಲ್ಲ, ಲೈಸೆನ್ಸ್ ಯಂತ್ರದ ಜೊತೆ ಆಗಲೇ ಇದೆ ಎಂಬುದು ಅವರ ವಾದ. ಆದರೆ ಡಿಸ್ಕ್‌ಗಳ ಮೇಲೆ ಅಸಲಿಯಂತೆ ಕಾಣುವ ಡೆಲ್ ಮತ್ತು ವಿಂಡೋಸ್ ಚಿಹ್ನೆಗಳಿದ್ದವು. ಅದು ನಿಸ್ಸಂಶಯವಾಗಿ ಅಪರಾಧ, ಅವರೂ ತಪ್ಪೊಪ್ಪಿಕೊಂಡರು. ವಿವಾದ ಉಳಿದದ್ದು ನಷ್ಟದ ಲೆಕ್ಕದಲ್ಲಿ. ನೋಂದಾಯಿತ ದುರಸ್ತಿಗಾರರಿಗೆ ಮೈಕ್ರೋಸಾಫ್ಟ್ ಹೊಸ ಲೈಸೆನ್ಸ್ ಸಮೇತ ಡಿಸ್ಕ್ ಕೊಡುತ್ತಿದ್ದ 25 ಡಾಲರ್ ದರವನ್ನೇ ಹಿಡಿದು ಒಟ್ಟು 7 ಲಕ್ಷ ಡಾಲರ್ ಎಂದು ನ್ಯಾಯಾಲಯ ಲೆಕ್ಕ ಹಾಕಿತು. 2017ರಲ್ಲಿ 15 ತಿಂಗಳ ಸಜೆ, 50,000 ಡಾಲರ್ ದಂಡ ವಿಧಿಸಲಾಯಿತು. 2018ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಲೈಸೆನ್ಸ್ ಇಲ್ಲದ ಬರೀ ಡಿಸ್ಕ್‌ಗೆ ಲೈಸೆನ್ಸ್ ಸಮೇತದ ಬೆಲೆ ಕಟ್ಟಿದ ಈ ಲೆಕ್ಕ ಒಪ್ಪತಕ್ಕದ್ದಲ್ಲ. ಹಳೆಯ ಯಂತ್ರವನ್ನು ಮತ್ತೆ ಬಳಕೆಗೆ ತರುವವರೆಲ್ಲರಿಗೂ ಅದು ಎಚ್ಚರಿಕೆಯಾಗಿ ನಿಂತಿತು.

ಕನ್ನಡ ಬಳಸುವವರಿಗೆ ಎಕ್ಸ್‌ಪಿ ಕಾಲದ ಡಿಸ್ಕ್ ಇನ್ನೊಂದು ಕಾರಣಕ್ಕೂ ಬೇಕಾಗಿತ್ತು. ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುವ ಸಾಮರ್ಥ್ಯ, ತುಂಗಾ ಫಾಂಟ್ ಸಮೇತ, ಎಕ್ಸ್‌ಪಿಯಲ್ಲಿತ್ತು. ಆದರೆ ಒಎಸ್ ಹಾಕಿದ ಕೂಡಲೇ ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗದಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಬೇಕು. ಹಾಕಿದೊಡನೆ ಯಂತ್ರ ಎಕ್ಸ್‌ಪಿ ಸೀಡಿಯನ್ನು ಕೇಳುತ್ತಿತ್ತು. ಸೀಡಿ ಇಲ್ಲದವರ ಪರದೆಯ ಮೇಲೆ ಕನ್ನಡ ಬರೀ ಚೌಕಗಳಾಗಿಯೋ ಒತ್ತಕ್ಷರ ಕಳಚಿಯೋ ಕಾಣುತ್ತಿತ್ತು. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳನ್ನು ಮತ್ತೆ ಹಾಕಿಕೊಂಡು ಅವುಗಳ ಸ್ವಂತ ಫಾಂಟ್‌ಗಳಲ್ಲೇ ಕೆಲಸ ಸಾಗಿಸಿದ ಕಚೇರಿಗಳು, ಡಿಟಿಪಿ ಅಂಗಡಿಗಳು ಬಹಳ. ವಿಸ್ಟಾದಿಂದ ಈಚೆಗೆ ಈ ಬೆಂಬಲ ಮೊದಲೇ ಸೇರಿಕೊಂಡು ಬರತೊಡಗಿತು.

ಫಾರ್ಮ್ಯಾಟ್‌ಗೆ ಮುನ್ನ ಯಂತ್ರ ಇನ್ನೂ ಓಡುತ್ತಿದ್ದರೆ ಬಲ್ಲವರಿಗೆ ಒಂದು ದಾರಿಯಿತ್ತು. ಎಕ್ಸ್‌ಪಿ ತನ್ನ ಆ್ಯಕ್ಟಿವೇಶನ್ ಮಾಹಿತಿಯನ್ನು ಸಿಸ್ಟಂ ಫೋಲ್ಡರ್‌ನ ಒಂದು ಸಣ್ಣ ಕಡತದಲ್ಲಿ ಇಡುತ್ತಿತ್ತು. ಅದನ್ನು ಉಳಿಸಿಟ್ಟು, ಅದೇ ಯಂತ್ರಕ್ಕೆ ಮತ್ತೆ ಒಎಸ್ ಹಾಕಿದಮೇಲೆ ವಾಪಸು ಸೇರಿಸಿದರೆ ಸಾಕಾಗುತ್ತಿತ್ತು. ವಿಂಡೋಸ್ 7ರಲ್ಲಿ ತಯಾರಕರ ಪ್ರಮಾಣಪತ್ರವನ್ನೂ ಸಾಮಾನ್ಯ ಕೀಯನ್ನೂ ಹಾಗೆಯೇ ಎತ್ತಿಟ್ಟುಕೊಳ್ಳಬಹುದಿತ್ತು. ವಿಂಡೋಸ್ 7 ಹಾಕುವಾಗ ಕೀ ಕೊಡದೆ ಮುಂದೆ ಹೋಗಲು ಅವಕಾಶವೂ ಇತ್ತು: 30 ದಿನಗಳ ಕಾಲಾವಕಾಶ, ಅದನ್ನು ಮೂರು ಸಲ ನವೀಕರಿಸಿ 120 ದಿನಗಳವರೆಗೆ ಎಳೆಯುವ ಅಧಿಕೃತ ಆಜ್ಞೆ. ಬೋಳಾದ ಸ್ಟಿಕರ್‌ನವರಿಗೆ ಅಷ್ಟು ದಿನದ ಉಸಿರಾಟ ಸಿಕ್ಕಿತು.

2012ರ ಅಕ್ಟೋಬರ್ 26ರಂದು ವಿಂಡೋಸ್ 8 ಬಂದಾಗ ಸ್ಟಿಕರ್‌ನ ಕಾಲ ಮುಗಿಯಿತು. ಅಂಗಡಿಯಲ್ಲಿಟ್ಟ ಯಂತ್ರಗಳ ತಳದಿಂದ ಕೀಗಳನ್ನು ಬರೆದುಕೊಂಡು ಹೋಗುವುದು ಸುಲಭವಿತ್ತು. ತಯಾರಕರ ಸಾಮಾನ್ಯ ಕೀಗಳೂ ಸೋರಿದ್ದವು. ಬಯಾಸ್ ಪಟ್ಟಿ ಇದೆಯೆಂದು ವಿಂಡೋಸನ್ನೇ ನಂಬಿಸುವ ನಕಲಿ ಪ್ರೋಗ್ರಾಂಗಳು ಹಬ್ಬಿದ್ದವು. ಆದ್ದರಿಂದ ಮೈಕ್ರೋಸಾಫ್ಟ್ ಪ್ರತಿ ಯಂತ್ರಕ್ಕೂ ಬೇರೆಬೇರೆ ಕೀ ಕೊಟ್ಟು, ಅದನ್ನು ಮದರ್‌ಬೋರ್ಡ್‌ನ ಫರ್ಮ್‌ವೇರ್‌ನೊಳಗೆ ಎಂಎಸ್‌ಡಿಎಂ ಎಂಬ ಪಟ್ಟಿಯಲ್ಲಿ ಬರೆಸಿತು. ಹೊರಗಿನ ಸ್ಟಿಕರ್‌ನಲ್ಲಿ ಕೀ ಅಚ್ಚಾಗುವುದು ನಿಂತಿತು. ಹಾರ್ಡ್ ಡಿಸ್ಕ್ ಬದಲಾದರೂ, ಪೂರ್ತಿ ಅಳಿಸಿದರೂ, ಇನ್‌ಸ್ಟಾಲ್ ಪ್ರೋಗ್ರಾಂ ಫರ್ಮ್‌ವೇರ್‌ನಿಂದ ಕೀಯನ್ನು ತಾನೇ ಓದಿಕೊಳ್ಳುತ್ತದೆ. ಲಿನಕ್ಸ್ ಹಾಕಿದ ಯಂತ್ರದಲ್ಲೂ ಅದನ್ನು ಓದಿ ನೋಡಬಹುದು. ಅಳಿಸಿದ ಕೀಯ ಸಮಸ್ಯೆಗೆ ಇದು ನಿಜವಾದ ಪರಿಹಾರ. ಇದನ್ನು ಹತ್ತು ವರ್ಷ ಮೊದಲೇ ಮಾಡಿದ್ದರೆ ಎಷ್ಟೋ ಯಂತ್ರಗಳು ಗುಜರಿಗೆ ಹೋಗುವುದು ತಪ್ಪುತ್ತಿತ್ತು. ಇದಕ್ಕೂ ಮಿತಿಗಳಿವೆ. ಮದರ್‌ಬೋರ್ಡ್ ಸುಟ್ಟರೆ ಕೀಯೂ ಹೋಗುತ್ತದೆ, ತಯಾರಕರ ಅಧಿಕೃತ ಸರ್ವೀಸ್‌ನವರೇ ಹೊಸದನ್ನು ಬರೆಯಬೇಕು. ಒಳಗಿರುವುದು ಹೋಂ ಆವೃತ್ತಿಯ ಕೀಯಾದರೆ ಪ್ರೊ ಆವೃತ್ತಿ ಹಾಕಲು ಹೊರಟವರಿಗೂ ಹೋಂ ಆವೃತ್ತಿಯೇ ಬಂದು ಕೂರುತ್ತದೆ.

ವಿಂಡೋಸ್ 10 ಪುರಾವೆಯನ್ನು ಯಂತ್ರದಿಂದಲೂ ಆಚೆಗೆ ಒಯ್ದಿತು. 2015ರ ಜುಲೈ 29ರಿಂದ ಒಂದು ವರ್ಷ, ವಿಂಡೋಸ್ 7 ಮತ್ತು 8.1 ಬಳಸುವವರಿಗೆ ಅದನ್ನು ಉಚಿತವಾಗಿ ಕೊಡಲಾಯಿತು. ಹಾಗೆ ಬದಲಾದ ಯಂತ್ರದ ಹಾರ್ಡ್‌ವೇರ್ ಗುರುತು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಯಿತು. ಮುಂದೆ ಮತ್ತೆ ಒಎಸ್ ಹಾಕುವಾಗ ಯಾವ ಕೀಯನ್ನೂ ಕೊಡಬೇಕಿಲ್ಲ, ಇಂಟರ್ನೆಟ್‌ಗೆ ಸೇರಿಸಿದರೆ ಸಾಕು. ಸ್ಟಿಕರ್ ಬೋಳಾಗಿದ್ದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಇದರಿಂದ ಮರುಹುಟ್ಟು ಸಿಕ್ಕಿತು. ಒಳಗೆ ವಿಂಡೋಸ್ 7 ಅಸಲಿಯಾಗಿ ಓಡುತ್ತಿದ್ದರೆ ಅದೇ ಅರ್ಹತೆಯಾಯಿತು. 2015ರ ನವೆಂಬರ್ ಅಪ್‌ಡೇಟ್‌ನಿಂದ ವಿಂಡೋಸ್ 7ರ ಕೀಯನ್ನೇ ವಿಂಡೋಸ್ 10ಕ್ಕೆ ಕೊಡಲು ಬರುವಂತಾಯಿತು. 2016ರ ಆಗಸ್ಟ್‌ನಿಂದ ಈ ಡಿಜಿಟಲ್ ಲೈಸೆನ್ಸನ್ನು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸುವ ಅನುಕೂಲವೂ ಬಂತು. ಉಚಿತದ ಅವಧಿ ಕಾಗದದ ಮೇಲೆ 2016ರಲ್ಲೇ ಮುಗಿದಿದ್ದರೂ ಹಳೆಯ ಕೀಗಳು ಮುಂದೆ ವರ್ಷಗಟ್ಟಲೆ ನಡೆದವು. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ದಾರಿಯನ್ನು ಮುಚ್ಚಿದ್ದಾಗಿ ಪ್ರಕಟಿಸಿತು. ಸರ್ವರ್‌ನಲ್ಲಿರುವ ಪುರಾವೆ ಸವೆಯುವುದಿಲ್ಲ, ನಿಜ. ಆದರೆ ಅದು ಎಷ್ಟು ಕಾಲ ನಡೆಯಬೇಕು ಎಂಬ ತೀರ್ಮಾನ ಕೊಂಡವರ ಕೈಯಲ್ಲಿಲ್ಲ. ಬೋಳಾಗಿದ್ದರೂ ಸ್ಟಿಕರ್ ಅವರ ಯಂತ್ರದ ಮೇಲೇ ಇತ್ತು.

ಈ ಇಡೀ ಸರಣಿಯ ಹೊರಗೆ ನಿಂತದ್ದು ಸ್ವತಂತ್ರ ತಂತ್ರಾಂಶದ ದಾರಿ. 1983ರಲ್ಲಿ ಘೋಷಣೆಯಾದ ಗ್ನು ಯೋಜನೆ, 1991ರ ಲಿನಕ್ಸ್, 2004ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು ಯಾವುದರಲ್ಲೂ ಕೀ ಎಂಬುದೇ ಇಲ್ಲ. ಉಬುಂಟು ತನ್ನ ಸೀಡಿಗಳನ್ನು ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಕಳಿಸುತ್ತಿತ್ತು. 2011ರವರೆಗೆ ನಡೆದ ಆ ವ್ಯವಸ್ಥೆಯಿಂದ ನಮ್ಮ ಎಷ್ಟೋ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆ ಮೊದಲ ಲಿನಕ್ಸ್ ಬಂತು. ಎರಡು ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್‌ಗೆ ಹಗುರವಾದ ಲಿನಕ್ಸ್ ಹಾಕುವುದು ಇವತ್ತಿಗೂ ಕಾನೂನಿಗೆ ಪೂರ್ತಿ ಒಪ್ಪುವ, ಖರ್ಚಿಲ್ಲದ ಪರಿಹಾರ.

ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ, ವಿಂಡೋಸ್ 10ರದು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಮತ್ತು ಸಾಕಷ್ಟು ಹೊಸ ಪ್ರೊಸೆಸರ್ ಬೇಕಾದ್ದರಿಂದ, ಲೈಸೆನ್ಸ್ ಸರಿಯಾಗಿಯೇ ಇರುವ ಬಹಳಷ್ಟು ಯಂತ್ರಗಳು ಅಧಿಕೃತವಾಗಿ ಅದಕ್ಕೆ ಅರ್ಹವಲ್ಲ. ಹಳೆಯ ಪ್ರಯೋಗಾಲಯ ಉಪಕರಣ, ಮುದ್ರಣ ಯಂತ್ರ, ಹಳೆಯ ಫಾಂಟ್‌ಗಳ ಡಿಟಿಪಿ ಕಡತಗಳಿಗಾಗಿ ಎಕ್ಸ್‌ಪಿ ಅಥವಾ ವಿಂಡೋಸ್ 7 ಲ್ಯಾಪ್‌ಟಾಪನ್ನು ಇಂಟರ್ನೆಟ್‌ಗೆ ಸೇರಿಸದೆ ಉಳಿಸಿಕೊಂಡವರು ಇನ್ನೂ ಇದ್ದಾರೆ. ಅಂಥವರು ಇಂದೇ ಯಂತ್ರವನ್ನು ತಿರುಗಿಸಿ, ಬ್ಯಾಟರಿ ತೆಗೆದು, ಸ್ಟಿಕರ್‌ನ ಸ್ಪಷ್ಟ ಫೋಟೊ ತೆಗೆದಿಡಬೇಕು. ರಿಕವರಿ ಪಾರ್ಟಿಷನ್ ಉಳಿದಿದ್ದರೆ ಅದರ ಪ್ರತಿಯನ್ನು ಪೆನ್‌ಡ್ರೈವ್‌ಗೋ ಡಿವಿಡಿಗೋ ಮಾಡಿಕೊಳ್ಳಬೇಕು. ಅದಕ್ಕೆ ಕಾನೂನಿನ ಅನುಮತಿಯೂ ಇದೆ.